ಸಹಾಯ ಬೇಕು: ಹಿತ್ತಾಳೆ ನಿಪ್ಪಲ್ ಸೋರುತ್ತಿದೆ

ಎಲ್ಲರಿಗೂ ಶರಣು. ಕಲಬುರಗಿಯ ಸೇಡಂ ರಸ್ತೆಯ ಕಡೆ ನಮ್ಮ ಮನೆ. ಗೀಜರ್‌ಗೆ ಹೋಗುವ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪಿಗೆ ಅರ್ಧ ಇಂಚಿನ ಹಿತ್ತಾಳೆ ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರುವ ಗಿಡ್ಡ ತುಂಡು), ಎಲ್ಬೋ (ಬಾಗಿದ ಜೋಡಣೆ) ನಾನೇ ಕೂಡಿಸಿದೆ. ಟೆಫ್ಲಾನ್ ಟೇಪನ್ನು ಮೊದಲು ಉಲ್ಟಾ ಸುತ್ತಿದ್ದೆ, ತಿರುಗಿಸಿದಂತೆಲ್ಲ ಬಿಚ್ಚಿಕೊಂಡಿತು. ಸರಿಯಾಗಿ 8 ಸುತ್ತು ಹಾಕಿದರೂ ಹನಿ ನಿಲ್ಲಲಿಲ್ಲ. ಸಿಟ್ಟಿನಿಂದ ಪಾನಾ ಹಾಕಿ ಬಿಗಿದೆ, ಪೈಪಿಗೂ ಹಿತ್ತಾಳೆಗೂ ನಡುವಿನ ಪ್ಲಾಸ್ಟಿಕ್ ಅಡಾಪ್ಟರ್ ಸೀಳಿತು! ಹೆಂಡತಿ ಏನೂ ಹೇಳದೆ ಬಕೆಟ್ ಇಟ್ಟಿದ್ದಾಳೆ. ಆ ಮೌನವೇ ಕಷ್ಟ.

ಈಗ ನೋಡಿದರೆ, ಆನ್‌ಲೈನ್‌ನಲ್ಲಿ ತರಿಸಿದ ಎಲ್ಬೋ ಎನ್‌ಪಿಟಿ (ಅಮೆರಿಕದ ಥ್ರೆಡ್ ಅಳತೆ), ಇಲ್ಲಿಯ ನಿಪ್ಪಲ್ ಬಿಎಸ್‌ಪಿ (ಬ್ರಿಟಿಷ್ ಥ್ರೆಡ್ ಅಳತೆ). ಎರಡರಲ್ಲೂ ಇಂಚಿಗೆ 14 ಥ್ರೆಡ್, ಅದಕ್ಕೇ ಕೂಡಿದವು. ಆದರೆ ಥ್ರೆಡ್‌ನ ಕೋನ ಒಂದರದು 60 ಡಿಗ್ರಿ, ಇನ್ನೊಂದರದು 55. ಸೋರಲು ಇದೇ ಕಾರಣವೇ? ಹಿತ್ತಾಳೆ ಥ್ರೆಡ್ ಕೂಡಿಸಿದ ಅಡಾಪ್ಟರ್ ತರಲೇ? ಟೇಪಿನ ಬದಲು ಸಣಬಿನ ನಾರು ನಡೆಯುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ, ಶನಿವಾರ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಹೋಗುವವನಿದ್ದೇನೆ.