ಸೈನಿಕ ಶಾಲೆ 6ನೇ ತರಗತಿಗೆ ಸೀಟು ಸಿಕ್ಕಿದೆ: ಹಾಸ್ಟೆಲ್ ದಿನಚರಿ ಹೇಗಿರುತ್ತೆ, ಮನೆಯಲ್ಲಿ ಏನೇನು ಕಲಿಸಿ ಕಳಿಸಬೇಕು?

ಹಾವೇರಿಯಪ್ಪ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗನಿಗೆ ವಿಜಯಪುರ ಸೈನಿಕ ಶಾಲೆಯಲ್ಲಿ 6ನೇ ತರಗತಿಗೆ ಸೀಟು ಸಿಕ್ಕಿದೆ, ಮೆಡಿಕಲ್ ಕೂಡ ಮುಗಿದಿದೆ. ಇಲ್ಲಿಯವರೆಗೆ ಓದಿದ್ದು ಕನ್ನಡ ಮಾಧ್ಯಮ, ಪ್ರವೇಶ ಪರೀಕ್ಷೆ ಬರೆದದ್ದೂ ಕನ್ನಡದಲ್ಲೇ. ಮನೆ ಬಿಟ್ಟು ಒಂದು ರಾತ್ರಿಯೂ ಬೇರೆ ಕಡೆ ಮಲಗಿದವನಲ್ಲ. ಸೇರಿಸಲು ಇನ್ನು ಐದು ವಾರ ಇದೆ. ಹುಡುಗರ ಹಾಸ್ಟೆಲ್‌ನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ದಿನ ಹೇಗೆ ಸಾಗುತ್ತೆ, ಟ್ರಂಕ್‌ನಲ್ಲಿ ಏನಿಡಬೇಕು, ಮೊದಲ ಟರ್ಮ್‌ನಲ್ಲಿ ಹೊಸ ಹುಡುಗರು ಎಡವೋದು ಎಲ್ಲಿ, ಈ ಐದು ವಾರದಲ್ಲಿ ಏನು ರೂಢಿ ಮಾಡಿಸಬಹುದು? ಒಳಗಿನ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ಮಾಜಿ ಹೌಸ್‌ಮಾಸ್ಟರ್

ಮಗನಿಗೆ ಅಭಿನಂದನೆ ತಿಳಿಸಿ. ನಾನು ಹೌಸ್‌ಮಾಸ್ಟರ್, ಅಂದರೆ ಹಾಸ್ಟೆಲ್ ನೋಡಿಕೊಳ್ಳುವ ಮೇಷ್ಟ್ರು ಆಗಿದ್ದವನು. ಬೇಸಿಗೆಗೆ, ಚಳಿಗಾಲಕ್ಕೆ ವೇಳೆ ಬದಲಾಗುತ್ತದೆ. ಶಾಲೆಯಿಂದ ಶಾಲೆಗೂ ಅರ್ಧ ಗಂಟೆ ಆಚೀಚೆ ಇರುತ್ತದೆ. ಆದರೆ ದಿನದ ಚೌಕಟ್ಟು ಎಲ್ಲ ಸೈನಿಕ ಶಾಲೆಗಳಲ್ಲೂ ಹೆಚ್ಚುಕಡಿಮೆ ಒಂದೇ. 1963ರಲ್ಲಿ ಶುರುವಾದ ವಿಜಯಪುರದಲ್ಲೂ, 2007ರಲ್ಲಿ ಶುರುವಾದ ಕೊಡಗಿನ ಕೂಡಿಗೆಯಲ್ಲೂ.

ಐದು, ಐದೂವರೆಗೆ ಎಬ್ಬಿಸುತ್ತಾರೆ. ಒಂದು ಲೋಟ ಚಹಾ ಅಥವಾ ಹಾಲು, ಜತೆಗೆ ಬಿಸ್ಕತ್ತು. ಆರರ ಹೊತ್ತಿಗೆ ಮೈದಾನದಲ್ಲಿ ಫಾಲ್‌ಇನ್ (ಸಾಲಾಗಿ ನಿಲ್ಲುವುದು), ಅಲ್ಲಿಂದ ಮುಕ್ಕಾಲು ಗಂಟೆ ಪಿ.ಟಿ.; ಕೆಲವು ದಿನ ಅದರ ಬದಲು ಡ್ರಿಲ್. ಸ್ನಾನ, ಸಮವಸ್ತ್ರ, ಮೆಸ್‌ನಲ್ಲಿ ತಿಂಡಿ ಮುಗಿಸಿ ಎಂಟರ ಸುಮಾರಿಗೆ ಅಸೆಂಬ್ಲಿ. ನಲವತ್ತು ನಿಮಿಷದ ಏಳೆಂಟು ಪೀರಿಯಡ್. ಮಧ್ಯಾಹ್ನ ಊಟ, ಆಮೇಲೆ ಕಡ್ಡಾಯ ವಿಶ್ರಾಂತಿ. ನಾಲ್ಕೂವರೆಗೆ ಆಟ, ಸಂಜೆ ಹಾಜರಿ, ಒಂದೂವರೆ ಗಂಟೆ ಪ್ರೆಪ್, ಎಂಟೂವರೆ ಸುಮಾರಿಗೆ ರಾತ್ರಿಯೂಟ, ಹತ್ತರೊಳಗೆ ದೀಪ ಆರಬೇಕು. ಪ್ರೆಪ್ ಅಂದರೆ ಮೇಷ್ಟ್ರ ಕಣ್ಣೆದುರು ಕೂತು ತನ್ನ ಪಾಡಿಗೆ ತಾನು ಓದುವ ಹೊತ್ತು, ಟ್ಯೂಷನ್ ಅಲ್ಲ. ಅಲ್ಲಿ ಯಾರೂ ಪಾಠ ಹೇಳಿಕೊಡುವುದಿಲ್ಲ.

ಪೋಷಕರೆಲ್ಲ ಪಿ.ಟಿ. ಬಗ್ಗೆ ಹೆದರುತ್ತಾರೆ. ಹತ್ತು ವರ್ಷದ ಹುಡುಗರು ಓಟಕ್ಕೆ ಒಂದೆರಡು ವಾರದಲ್ಲಿ ಒಗ್ಗಿಕೊಳ್ಳುತ್ತಾರೆ. ಅವರು ಸೋಲುವುದು ಪಿ.ಟಿ. ಮುಗಿದ ಮೇಲಿನ ಒಂದು ಗಂಟೆಯಲ್ಲಿ. ಶೌಚಾಲಯದ ಸಾಲು, ಬಚ್ಚಲಿನ ಸಾಲು, ಸಮವಸ್ತ್ರ, ಬೂಟು, ಹಾಸಿಗೆ, ಕಪಾಟು, ಬ್ಯಾಗು, ತಿಂಡಿ, ಎಲ್ಲವೂ ಅದರೊಳಗೆ. ಮನೆಯಲ್ಲಿ ಅಮ್ಮ ಅಂಗಿ ಗುಂಡಿ ಹಾಕುತ್ತಿದ್ದರೆ ಆ ಮಗು ಇಲ್ಲಿ ದಿನಾ ಏನಾದರೊಂದು ಬಿಡುತ್ತದೆ. ಮೊದಲು ಬಿಡುವುದು ಶೌಚ, ಎರಡನೆಯದು ಸ್ನಾನ, ಮೂರನೆಯದು ತಿಂಡಿ. ಫಲ ಎರಡನೇ ವಾರದಿಂದ ಕಾಣುತ್ತದೆ. ತಡವಾಗಿ ಫಾಲ್‌ಇನ್‌ಗೆ ಬಂದರೆ ಶಿಕ್ಷೆ, ಶಿಕ್ಷೆಯಿಂದ ಅಳು, ಅಳುವಿನಿಂದ ಮನೆ ನೆನಪು. ಮೂಲ ನೋಡಿದರೆ ಬೂಟಿನ ಲೇಸು ಕಟ್ಟಲು ಬಾರದಿರುವುದು.

ಇದಕ್ಕೆ ಮದ್ದು ಹಿಂದಿನ ರಾತ್ರಿಯಲ್ಲಿದೆ. ಮಲಗುವ ಮುಂಚೆ ಬ್ಯಾಗು ಟೈಂಟೇಬಲ್ ಪ್ರಕಾರ ಜೋಡಿಸಿರಬೇಕು. ಪ್ಯಾಂಟಿಗೆ ಬೆಲ್ಟ್ ಪೋಣಿಸಿ, ಅಂಗಿಯ ಮೇಲೆ ಬನಿಯನ್ನು, ಅದರ ಮೇಲೆ ಒಳಚಡ್ಡಿ ಇಟ್ಟಿರಬೇಕು. ಹಾಕಿಕೊಳ್ಳುವ ಕ್ರಮದಲ್ಲೇ ಮೇಲಿನಿಂದ ಕೈಗೆ ಸಿಗಬೇಕು. ಕಾಲ್ಚೀಲ ಬೂಟಿನೊಳಗೆ, ಬೂಟು ಪಾಲಿಶ್ ಆಗಿ ಮಂಚದ ಕೆಳಗೆ. ಬೆಳಗ್ಗೆ ಗಂಟೆ ಹೊಡೆದ ತಕ್ಷಣ ಶೌಚಕ್ಕೆ, ಪಿ.ಟಿ. ಮುಗಿಸಿ ಹೋಗುತ್ತೇನೆಂದರೆ ಸಾಲು ಇಪ್ಪತ್ತು ಜನರದು.

ಈ ಐದು ವಾರ ಮನೆಯಲ್ಲಿ ದಿನಾ ಐದೂವರೆಗೆ ಎಬ್ಬಿಸಿ. ಒಂದು ಬಕೆಟ್ ನೀರಲ್ಲಿ ಏಳು ನಿಮಿಷದೊಳಗೆ ಸ್ನಾನ, ಐದು ನಿಮಿಷದಲ್ಲಿ ಸಮವಸ್ತ್ರ, ಇಪ್ಪತ್ತು ನಿಮಿಷದಲ್ಲಿ ತಿಂಡಿ. ಗಡಿಯಾರ ಎದುರಿಗಿರಲಿ, ನಿಮ್ಮ ಬಾಯಿ ಮುಚ್ಚಿರಲಿ. ಹಾಸಿಗೆ ಸರಿಮಾಡುವುದನ್ನೂ ಕಲಿಸಿ. ಚಾದರದ ಕಾಲ್ತುದಿಯನ್ನು ಮೊದಲು ಹಾಸಿಗೆಯಡಿ ತುರುಕಬೇಕು. ಮೂಲೆಯಿಂದ ಒಂದಡಿ ಮೇಲೆ ಚಾದರದ ಅಂಚು ಹಿಡಿದೆತ್ತಿ ಮಡಿಕೆಯನ್ನು ಹಾಸಿಗೆ ಮೇಲಿಟ್ಟು, ಕೆಳಗೆ ಜೋತಾಡುವ ಭಾಗ ಒಳಗೆ ತಳ್ಳಿ, ಮೇಲಿನ ಮಡಿಕೆ ಇಳಿಸಿ ಅದನ್ನೂ ತುರುಕಿದರೆ ಮೂಲೆ ಓರೆಯಾಗಿ ಬಿಗಿಯುತ್ತದೆ. ಹೀಗೆ ಕಟ್ಟಿದ ಹಾಸಿಗೆ ಮಲಗೆದ್ದರೂ ಪೂರ್ತಿ ಕೆದರುವುದಿಲ್ಲ, ಬೆಳಗ್ಗೆ ಎರಡು ನಿಮಿಷದ ಕೆಲಸ.

ಬಾಗಲಕೋಟಿಯವ

ಟ್ರಂಕಿನ ಮಾತು ನಾ ಹೇಳ್ತೀನ್ರಿ. ಶಾಲಿಯವರು ಕಳಿಸಿದ ಪಟ್ಟಿ ಬಂದ ಮ್ಯಾಲನ ಅಂಗಡಿಗೆ ಹೋಗ್ರಿ. ಸಮವಸ್ತ್ರ, ಪಿ.ಟಿ. ಡ್ರೆಸ್ಸು ಬಹಳಷ್ಟು ಅಲ್ಲೇ ಕೊಡ್ತಾರ. ಮೊದಲ ತಂದಿಟ್ಟರ ಬಣ್ಣ ಹೊಂದೂದಿಲ್ಲ, ರೊಕ್ಕ ದಂಡ.

ಪಟ್ಟಿಯೊಳಗ ಎಷ್ಟೇ ಬರದಿದ್ರೂ ಒಳಚಡ್ಡಿ, ಬನಿಯನ್ ಎಂಟೆಂಟು ಇರ್ಲಿ. ಕಾಲ್ಚೀಲ ಕರಿವು ಆರು ಜೋಡಿ, ಬಿಳಿವು ಆರು ಜೋಡಿ, ಎಲ್ಲಾ ಒಂದೇ ಕಂಪನಿದು, ಒಂದೇ ಅಳತಿದು. ಒಂದು ಕಳೀತಂದ್ರ ಉಳಿದದ್ದು ಇನ್ನೊಂದಕ್ಕ ಜೋಡಿ ಆಗ್ತದ. ಹಾಸ್ಟೆಲಿನ್ಯಾಗ ಕಳಿಯೂದು ಕಾಲ್ಚೀಲ, ಟವೆಲ್, ಕರವಸ್ತ್ರ, ಆಮ್ಯಾಲ ಬಕೀಟಿನ ಮಗ್ಗು. ಕಳವು ಅನಬ್ಯಾಡ್ರಿ, ದೋಬಿ ಗಂಟಿನ್ಯಾಗ ಅದಲುಬದಲು ಆಗೂದೇ ಹೆಚ್ಚು.

ಅದಕ್ಕ ಪ್ರತಿ ಬಟ್ಟಿಗೂ ಹುಡುಗನ ಶಾಲಾ ನಂಬರ್ ಹಾಕ್ರಿ, ಹೆಸರು ಬ್ಯಾಡ. ಒಂದೇ ಹೆಸರಿನವರು ಮೂರು ಮಂದಿ ಇರ್ತಾರ. ಮಾರ್ಕರ್ ಪೆನ್ನಿನ ಬರಹ ಸೋಡಾದ ಒಗತಕ್ಕ ಅಳಸಿ ಹೋಗ್ತದ. ನಾಡಾದ (ಬಟ್ಟಿ ಪಟ್ಟಿ) ಮ್ಯಾಲ ಕೆಂಪು ದಾರದಿಂದ ನಂಬರ್ ಹೊಲಸಿ, ಅಂಗಿಗೆ ಕಾಲರಿನ ಒಳಗ, ಪ್ಯಾಂಟಿಗೆ ಸೊಂಟಪಟ್ಟಿ ಒಳಗ, ಕಾಲ್ಚೀಲಕ್ಕ ಮ್ಯಾಲಿನ ಅಂಚಿಗೆ ಹೊಲೀರಿ. ದೋಬಿಗೆ ಕೊಡೋವಾಗ ನೋಟ್‌ಬುಕ್ಕಿನ್ಯಾಗ ತಾರೀಖು, ಎಷ್ಟು ಅಂಗಿ, ಎಷ್ಟು ಪ್ಯಾಂಟು ಅಂತ ಬರಿಯೂದು ಮನ್ಯಾಗ ಕಲಸ್ರಿ. ಒಳಚಡ್ಡಿ, ಕಾಲ್ಚೀಲ ದಿನಾ ಸ್ನಾನದ ಹೊತ್ತಿನ್ಯಾಗ ತಾನ ಒಗೀಬೇಕು.

ಬೂಟು ಹೊಸಾದು ಹಾಕ್ಕೊಂಡು ಸೀದಾ ಡ್ರಿಲ್ಲಿಗೆ ಹೋದ್ರ ಹಿಮ್ಮಡಿ ಸುಲೀತದ. ಎರಡು ವಾರ ಮೊದಲ ದಿನಾ ಒಂದು ತಾಸು, ದಪ್ಪ ಕಾಲ್ಚೀಲ ಹಾಕಿ ಮನ್ಯಾಗ ಅಡ್ಡಾಡ್ಲಿ. ಬೆರಳ ಮುಂದ ಹೆಬ್ಬೆಟ್ಟಿನಷ್ಟು ಜಾಗ ಇರ್ಲಿ, ಈ ವಯಸ್ಸಿನ್ಯಾಗ ಪಾದ ಲಗೂನ ಬೆಳೀತದ. ಕರಿ ಬೂಟಿಗೆ ಮೊದಲ ಧೂಳು ಝಾಡಿಸಿ, ಬಟ್ಟಿಲೆ ಪಾಲಿಶ್ ತೆಳ್ಳಗ ಹಚ್ಚಿ, ಐದು ನಿಮಿಷ ಬಿಟ್ಟು ಬ್ರಶ್ ಹೊಡೀಬೇಕು. ದಪ್ಪ ಹಚ್ಚಿದ್ರ ಹೊಳಪು ಬರೂದಿಲ್ಲ, ಧೂಳು ಅಂಟತದ. ಬಿಳಿ ಕ್ಯಾನ್ವಾಸ್ ಬೂಟಿನ ತಪ್ಪು ಬ್ಯಾರೆ ಐತ್ರಿ. ಸೋಪು ಪೂರಾ ಹೋಗದ ಬಿಸಲಿಗೆ ಇಟ್ಟರ ಹಳದಿ ಕಲಿ ಬೀಳ್ತಾವ. ಮೂರು ಸಲ ಸ್ವಚ್ಛ ನೀರಾಗ ಅದ್ದಿ, ನೆರಳಾಗ ಒಣಗಿಸಿ, ಇನ್ನಾ ತುಸು ಹಸಿ ಇದ್ದಾಗ ಬಿಳಿ ಪಾಲಿಶ್ ಹಚ್ಚಿದ್ರ ಒಂದೇ ಸಮ ಕೂಡ್ತದ.

ಕೊಡಗಿನ ಕಡೆ ಮಕ್ಕಳನ್ನ ಕಳಿಸೋರಿಗೆ ಒಂದು ಮಾತು: ಕೂಡಿಗಿ ಇರೋ ಕುಶಾಲನಗರದ ಕಡೆ ಮಡಿಕೇರಿಯಷ್ಟು ಮಳಿ ಇಲ್ಲ ಖರೆ, ಆದ್ರೂ ಜೂನ್‌ದಿಂದ ಆಗಸ್ಟ್ ತನಕ ಬಟ್ಟಿ ಒಣಗೂದು ತಡ. ಒಳಬಟ್ಟಿ ಇನ್ನೂ ನಾಕು ಜಾಸ್ತಿ ಕೊಡ್ರಿ. ವಿಜಯಪುರದಾಗ ಆ ಚಿಂತಿ ಇಲ್ಲ, ಬ್ಯಾಸಿಗ್ಯಾಗ ನೀರಿನ ಬಾಟ್ಲಿ ದೊಡ್ಡದಿರ್ಲಿ ಅಷ್ಟ.

ಎಂ.ಐ. ರೂಮ್ ಅಕ್ಕ

ಹೌಸ್‌ಮಾಸ್ಟರ್ ಸರ್ ಶೌಚದ ಮಾತು ಎತ್ತಿದ್ದು ಒಳ್ಳೆಯದಾಯಿತು, ಯಾರೂ ಅದನ್ನು ಹೇಳುವುದಿಲ್ಲ. ಹೊಸ ಹುಡುಗರು ಮೊದಲ ತಿಂಗಳು ಹೊಟ್ಟೆನೋವು ಅಂತ ಎಂ.ಐ. ರೂಮಿಗೆ, ಅಂದರೆ ಶಾಲೆಯ ಚಿಕಿತ್ಸಾ ಕೋಣೆಗೆ ಬರುತ್ತಾರೆ. ಮನೆ ನೆನಪಿನ ನೆಪ ಅಂತ ದೊಡ್ಡವರು ತಳ್ಳಿಹಾಕುತ್ತಾರೆ. ಕೇಳಿ ನೋಡಿದರೆ ಮೂರ್ನಾಲ್ಕು ದಿನ ಶೌಚಕ್ಕೇ ಹೋಗಿರುವುದಿಲ್ಲ. ಸಾಲು, ಚಿಲಕ ಸರಿಯಿಲ್ಲದ ಬಾಗಿಲು, ನಾಚಿಕೆ, ಕಡಿಮೆ ನೀರು ಕುಡಿಯುವುದು ಎಲ್ಲ ಸೇರಿ ಮಲಬದ್ಧತೆ. ದಿನಕ್ಕೆ ಆರೇಳು ಲೋಟ ನೀರು, ಮೆಸ್‌ನಲ್ಲಿ ಕೊಟ್ಟ ಹಣ್ಣು–ತರಕಾರಿ ಬಿಡದೆ ತಿನ್ನುವುದು, ಬೆಳಗ್ಗೆ ಎದ್ದ ಕೂಡಲೇ ಹೋಗುವುದು, ಇಷ್ಟನ್ನು ನಾಚಿಕೆಯಿಲ್ಲದೆ ಅವನಿಗೆ ಹೇಳಿ. ನೋವು ಹೊಕ್ಕುಳಿಂದ ಬಲಗೆಳಗಿನ ಹೊಟ್ಟೆಗೆ ಇಳಿದರೆ, ಜ್ವರ ಅಥವಾ ವಾಂತಿ ಇದ್ದರೆ ಅದು ಬೇರೆ ವಿಷಯ, ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಎರಡನೆಯದು ಚರ್ಮ. ರಾತ್ರಿ ಹೆಚ್ಚಾಗುವ ತುರಿಕೆ, ಬೆರಳ ಸಂದಿ, ಮಣಿಕಟ್ಟು, ಸೊಂಟದ ಸುತ್ತ ಸಣ್ಣ ಗುಳ್ಳೆ ಇದ್ದರೆ ಅದು ತುರಿಕಜ್ಜಿ. ಡಾಕ್ಟರ್ ಸಾಮಾನ್ಯವಾಗಿ 5% ಪರ್ಮೆಥ್ರಿನ್ ಕ್ರೀಮ್ ಬರೆಯುತ್ತಾರೆ. ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಕೆಳಗೂ ಬಿಡದೆ ರಾತ್ರಿ ಹಚ್ಚಿ 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು, ವಾರದ ನಂತರ ಇನ್ನೊಮ್ಮೆ. ಗುಳ್ಳೆ ಇದ್ದ ಕಡೆ ಮಾತ್ರ ಹಚ್ಚಿದರೆ, ಅಥವಾ ಕೋಣೆಯಲ್ಲಿ ಒಬ್ಬನಿಗೆ ಮಾತ್ರ ಹಚ್ಚಿದರೆ, ಮತ್ತೆ ಬರುತ್ತದೆ. ಎಲ್ಲರಿಗೂ ಒಂದೇ ರಾತ್ರಿ ಹಚ್ಚಿ, ಬೆಳಗ್ಗೆ ಹೊದಿಕೆ–ಬಟ್ಟೆ ಬಿಸಿನೀರಲ್ಲಿ ಒಗೆಯಬೇಕು. ಒಗೆಯಲಾಗದ ರಗ್ಗು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಬಹುದು. ಕಜ್ಜಿ ತರುವ ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯುತ್ತದೆ, ಅದಕ್ಕೆ ಗಾಬರಿಪಟ್ಟು ದಿನಾ ಕ್ರೀಮ್ ಹಚ್ಚಬಾರದು.

ತೊಡೆಸಂದಿಯ ಹುಳುಕಡ್ಡಿ ಬರುವುದು ಒದ್ದೆ ಒಳಚಡ್ಡಿಯಿಂದ, ಟವೆಲ್ ಹಂಚಿಕೊಳ್ಳುವುದರಿಂದ. ದಯವಿಟ್ಟು ಮೆಡಿಕಲ್ ಅಂಗಡಿಯಿಂದ ಕೇಳಿ ತಂದ ಟ್ಯೂಬ್ ಟ್ರಂಕ್‌ನಲ್ಲಿಟ್ಟು ಕಳಿಸಬೇಡಿ. ಅವುಗಳಲ್ಲಿ ಎಷ್ಟೋ ಸ್ಟಿರಾಯ್ಡ್ ಬೆರೆತವು. ಎರಡು ದಿನ ತುರಿಕೆ ನಿಂತಂತೆ ಕಂಡು ಆಮೇಲೆ ಮೈಯೆಲ್ಲ ಹರಡುತ್ತದೆ. ಯಾವ ಮಾತ್ರೆಯನ್ನೂ ಹುಡುಗನ ಕೈಗೆ ಕೊಡಬೇಡಿ, ಚೀಟಿ ಸಮೇತ ಎಂ.ಐ. ರೂಮಿಗೆ ಒಪ್ಪಿಸಿ.

ಮಲಗಿದಲ್ಲಿ ಉಚ್ಚೆ ಹೋಗುವ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಸೇರಿಸುವ ದಿನವೇ ಹೌಸ್‌ಮಾಸ್ಟರ್ ಮತ್ತು ಮೇಟ್ರನ್ (ಹುಡುಗರ ಆರೈಕೆ ನೋಡುವವರು) ಇಬ್ಬರಿಗೂ ಬೇರೆಯಾಗಿ ಹೇಳಿ. ಕೆಳಗಿನ ಮಂಚ, ಹಾಸಿಗೆಗೆ ರಬ್ಬರ್ ಶೀಟು, ಮಲಗುವ ಎರಡು ಗಂಟೆ ಮೊದಲಿಂದ ನೀರು ಕಡಿಮೆ, ರಾತ್ರಿ ಕಾವಲಿನವರು ಒಮ್ಮೆ ಎಬ್ಬಿಸುವುದು. ಮೊದಲೇ ಗೊತ್ತಿದ್ದರೆ ಇಷ್ಟೂ ಸದ್ದಿಲ್ಲದೆ ನಡೆಯುತ್ತದೆ. ಬೇರೆ ಹುಡುಗರು ಮೊದಲು ಕಂಡುಹಿಡಿದರೆ ಆ ಮಗುವಿಗೆ ಇಡೀ ವರ್ಷ ಕಷ್ಟ.

ಗಣಿತ ಮೇಷ್ಟ್ರು

ಮಾಧ್ಯಮದ ಬಗ್ಗೆ. 6ನೇ ತರಗತಿ ಪ್ರವೇಶ ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು, ಆದರೆ ಪಾಠ ಸಿಬಿಎಸ್‌ಇ ಇಂಗ್ಲಿಷ್‌ನಲ್ಲಿ. ಕನ್ನಡ ಮಾಧ್ಯಮದ ಹುಡುಗರ ಲೆಕ್ಕ ಚೆನ್ನಾಗಿರುತ್ತದೆ, ಪ್ರಶ್ನೆಯೇ ತಿಳಿಯದೆ ಅಂಕ ಹೋಗುತ್ತದೆ. ವ್ಯಾಕರಣ ಉರುಹೊಡೆಸಬೇಡಿ. ಅಂಶ, ಛೇದ, ಲಘುತಮ, ಭಾಗಲಬ್ಧ, ಶೇಷ, ಸುತ್ತಳತೆ ಇಂಥ ನೂರು ನೂರಿಪ್ಪತ್ತು ಪದಗಳ ಇಂಗ್ಲಿಷ್ ರೂಪ ಒಂದು ಪುಟ್ಟ ಪುಸ್ತಕದಲ್ಲಿ ಬರೆಸಿ, ದಿನಕ್ಕೆ ನಾಲ್ಕು ಕಲಿತರೆ ಐದು ವಾರಕ್ಕೆ ಮುಗಿಯುತ್ತದೆ. ಜತೆಗೆ ಎನ್‌ಸಿಇಆರ್‌ಟಿ 6ನೇ ತರಗತಿ ವಿಜ್ಞಾನದಿಂದ ದಿನಾ ಒಂದು ಪುಟ ಗಟ್ಟಿಯಾಗಿ ಓದಿಸಿ. ಮೊದಲ ಘಟಕ ಪರೀಕ್ಷೆಯಲ್ಲಿ ಅಂಕ ಕುಸಿಯುತ್ತದೆ, ಫೋನ್‌ನಲ್ಲಿ ಬೈಯಬೇಡಿ. ಓದುವವನು ವರ್ಷದ ಕೊನೆಗೆ ಸಮನಾಗುತ್ತಾನೆ.

ಹಾವೇರಿಯಪ್ಪ

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೆರಡು ಕೇಳಲಾ? ಫೋನ್ ಬಂದಾಗ ಅತ್ತರೆ ಏನು ಮಾಡೋದು? ದೊಡ್ಡ ಹುಡುಗರ ಕಾಟ ಇದ್ದರೆ ಇಲ್ಲಿಂದ ಗೊತ್ತಾಗೋದು ಹೇಗೆ?

ಮಾಜಿ ಹೌಸ್‌ಮಾಸ್ಟರ್

ಮೊದಲ ಎರಡು ಮೂರು ಫೋನ್‌ಗಳಲ್ಲಿ ಅಳುವುದು ಸಹಜ. ಅಳಲು ಬಿಡಿ, ಆದರೆ "ಮುಂದಿನ ವಾರ ಬಂದು ಕರ್ಕೊಂಡು ಹೋಗ್ತೀನಿ" ಅಂತ ಮಾತ್ರ ಹೇಳಬೇಡಿ. ಹುಡುಗ ದಿನ ಎಣಿಸುತ್ತಾ ಕೂರುತ್ತಾನೆ, ಯಾವುದಕ್ಕೂ ಮನಸ್ಸು ಕೊಡುವುದಿಲ್ಲ. "ಊಟ ಮಾಡಿದ್ಯಾ" ಅನ್ನುವುದಕ್ಕಿಂತ "ಇವತ್ತು ಗೇಮ್ಸ್‌ನಲ್ಲಿ ಯಾವ ಆಟ, ನಿನ್ನ ಪಕ್ಕದ ಮಂಚದವನ ಊರು ಯಾವುದು" ಎಂದು ಕೇಳಿ. ಮನೆ ವಿಳಾಸ ಬರೆದ ಹತ್ತು ಇನ್‌ಲ್ಯಾಂಡ್ ಲೆಟರ್ ಟ್ರಂಕ್‌ನಲ್ಲಿಡಿ. ಫೋನ್‌ನಲ್ಲಿ ಹಿಂದೆ ಸಾಲು ನಿಂತಿರುವಾಗ ಹೇಳಲಾಗದ್ದನ್ನು ಮಕ್ಕಳು ಕಾಗದದಲ್ಲಿ ಬರೆಯುತ್ತಾರೆ.

ದಸರಾ–ದೀಪಾವಳಿ ರಜೆ ಮುಗಿಸಿ ಹಿಂತಿರುಗುವುದು ಮೊದಲ ಸಲಕ್ಕಿಂತ ಕಷ್ಟ, ಅದನ್ನು ಬಹಳ ಪೋಷಕರು ನಿರೀಕ್ಷಿಸಿರುವುದಿಲ್ಲ. ಹೇಳಿದ ದಿನವೇ, ಬೆಳಕಿದ್ದಾಗಲೇ ತಲುಪಿಸಿ. ಎರಡು ದಿನ ತಡವಾಗಿ ಬಂದ ಹುಡುಗನಿಗೆ ಕೋಣೆಯ ಮಾತುಕತೆಯೂ ತಪ್ಪಿರುತ್ತದೆ, ಪಾಠವೂ ತಪ್ಪಿರುತ್ತದೆ.

ಕಾಟದ ಗುರುತುಗಳು: ಸಾಮಾನು ಪದೇ ಪದೇ "ಕಳೆಯುವುದು", ಬೇರೆಯವರ ಬಟ್ಟೆ ಒಗೆಯುವುದು, ವಿವರಿಸಲಾಗದ ಬಾಸುಂಡೆ, ಫೋನ್ ಸರದಿ ಬಿಟ್ಟುಕೊಡುವುದು, ಹಿರಿಯನೊಬ್ಬನ ಹೆಸರು ಎತ್ತಿದೊಡನೆ ಮಾತು ನಿಲ್ಲುವುದು. ಇಂಥದ್ದು ಕಂಡರೆ ಹುಡುಗನ ಹತ್ತಿರ ಮತ್ತೆ ಮತ್ತೆ ಕೆದಕದೆ ಹೌಸ್‌ಮಾಸ್ಟರ್‌ಗೆ, ಅಲ್ಲಿ ಆಗದಿದ್ದರೆ ಪ್ರಿನ್ಸಿಪಾಲರಿಗೆ ತಾರೀಖು ಹಾಕಿ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ಮೈಮುಟ್ಟುವ ವಿಷಯವಾದರೆ ಶಾಲೆಯ ಒಳಗೇ ಮುಗಿಸಲು ಒಪ್ಪಬೇಡಿ. 1098 ಮಕ್ಕಳ ಸಹಾಯವಾಣಿ ಇದೆ, 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಆ ಸಂಖ್ಯೆ ಹುಡುಗನಿಗೂ ಬಾಯಿಪಾಠ ಇರಲಿ.

ಬಾಗಲಕೋಟಿಯವ

ಒಂದು ಬಿಟ್ಟಿದ್ದೆ. ಟ್ರಂಕ್ ತಗೊಳ್ಳೋ ಮೊದಲ ಶಾಲಿಗೆ ಫೋನ್ ಮಾಡಿ ಮಂಚದ ಕೆಳಗ ಎಷ್ಟು ಎತ್ತರ ಐತಿ ಕೇಳ್ರಿ, ಅದಕ್ಕಿಂತ ಎರಡು ಇಂಚು ಕಡಿಮಿದ ತರ್ರಿ. ನಂಬರ್ ಕೀಲಿ ಬ್ಯಾಡ, ಬಾಜೂ ಮಂಚದವ ಎರಡೇ ದಿನದಾಗ ನೋಡಿ ಕಲೀತಾನ. ಸಾದಾ ಕೀಲಿ ಒಂದು, ಕೀಲಿಕೈ ಮೂರು: ಒಂದು ಹುಡುಗನ ಕೊರಳ ದಾರಕ್ಕ, ಒಂದು ಹೌಸ್‌ಮಾಸ್ಟರ್ ಕಡೆ, ಒಂದು ನಿಮ್ಮ ಕಡೆ.