‘ಟೆನ್ಷನ್ ಕಮ್ಮಿ ಮಾಡಿಕೊಳ್ಳಿ’ ಅಂತಾರೆ, ಐಬಿಎಸ್ ಇರುವವರು ಹೇಗೆ ಮಾಡೋದು?

ಗಡಿಬಿಡಿ ಹೊಟ್ಟೆ:
ನನಗೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಹೊಟ್ಟೆನೋವಿನ ಜೊತೆ ಭೇದಿ ಅಥವಾ ಮಲಬದ್ಧತೆ ಕಾಡುವ ಕರುಳಿನ ತೊಂದರೆ), ಭೇದಿ ಜಾಸ್ತಿ ಇರುವ ಥರದ್ದು. ರಕ್ತ ಪರೀಕ್ಷೆ, ಕೊಲೊನೋಸ್ಕೋಪಿ ಎಲ್ಲ ನಾರ್ಮಲ್. ಡಾಕ್ಟರು ‘ಟೆನ್ಷನ್ ಕಮ್ಮಿ ಮಾಡಿಕೊಳ್ಳಿ’ ಅಂದು ಕಳಿಸಿದರು. ಅಂದರೆ ಇದೆಲ್ಲ ನನ್ನ ಕಲ್ಪನೆಯಾ? ಮೀಟಿಂಗ್ ಇದ್ದ ದಿನ ಮನೆ ಬಿಡುವ ಮೊದಲೇ ಮತ್ತೆ ಮತ್ತೆ ಟಾಯ್ಲೆಟ್‌ಗೆ ಓಡುತ್ತೇನೆ. ರಜೆ ದಿನ ಅಷ್ಟಿರುವುದಿಲ್ಲ. ಟೆನ್ಷನ್ ಇದೆ, ಒಪ್ಪುತ್ತೇನೆ. ಆದರೆ ನನ್ನ ದೊಡ್ಡ ಟೆನ್ಷನ್ನೇ ಈ ಹೊಟ್ಟೆ!

ಬಾಗಿಲ ಪಕ್ಕದ ಸೀಟು:
ಕಲ್ಪನೆ ಅಲ್ಲವೇ ಅಲ್ಲ. ಕರುಳಿಗೆ ತನ್ನದೇ ನರಗಳ ಜಾಲ ಇದೆ. ಗಾಬರಿಯಾದಾಗ ಮಿದುಳಿನಿಂದ ಹೊರಡುವ ಸಂದೇಶಕ್ಕೆ ದೊಡ್ಡ ಕರುಳಿನ ಚಲನೆ ಜೋರಾಗುತ್ತದೆ. ನಮ್ಮಂಥವರಲ್ಲಿ ಅನೇಕರಿಗೆ ಆ ನರಗಳೂ ಸೂಕ್ಷ್ಮ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ನಮಗೆ ನೋವು ಕೊಡುತ್ತದೆ. ಇಂಥ ತೊಂದರೆಗಳನ್ನು ಗುರುತಿಸಲು 2016ರಲ್ಲಿ ಬಂದ ರೋಮ್ 4 ಮಾನದಂಡದಲ್ಲಿ ತಜ್ಞರು ಇದನ್ನು ಕರುಳು ಮತ್ತು ಮಿದುಳಿನ ಒಡನಾಟದ ತೊಂದರೆ ಅಂತಲೇ ಕರೆದಿದ್ದಾರೆ.

ನನಗೆ ಕೆಲಸಕ್ಕೆ ಬಂದಿದ್ದು ಸಿಬಿಟಿ, ಅಂದರೆ ಯೋಚನೆ ಮತ್ತು ಅಭ್ಯಾಸಗಳನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ. ಬಾಲ್ಯದ ಬಗ್ಗೆ ಕೇಳುತ್ತಾರೆ ಅಂದುಕೊಂಡು ಹೋಗಿದ್ದೆ. ಥೆರಪಿಸ್ಟ್ ಅದರ ಸುದ್ದಿಗೇ ಬರಲಿಲ್ಲ. ‘ಹೊರಗೆ ಹೊರಡುವ ಮುಂಚೆ ಏನೇನು ಮಾಡುತ್ತೀರಿ, ಬರೆಯಿರಿ’ ಅಂದರು. ಬರೆದೆ. ಊಟ ಬಿಡುವುದು. ‘ಯಾವುದಕ್ಕೂ ಇರಲಿ’ ಅಂತ ಸುಮ್ನೆ ಟಾಯ್ಲೆಟ್‌ಗೆ ಹೋಗುವುದು. ಎಲ್ಲಿ ಹೋದರೂ ಬಾಗಿಲ ಪಕ್ಕವೇ ಕೂರುವುದು. ಹೊಟ್ಟೆಯ ಒಂದೊಂದು ಸದ್ದಿಗೂ ಕಿವಿಗೊಡುವುದು. ಇಷ್ಟೂ ಮಾಡಿದ್ದು ಧೈರ್ಯಕ್ಕೆ, ಆದರೆ ಇವೇ ಭಯವನ್ನು ಸಾಕುತ್ತಿದ್ದವು! ಒಂದೊಂದಾಗಿ ಸಡಿಲ ಮಾಡಿದೆವು, ಸುಲಭದ್ದು ಮೊದಲು. ನಿಜವಾದ ಅವಸರ ಇಲ್ಲದಿದ್ದರೆ ಐದು ನಿಮಿಷ ತಡೆದು ನೋಡುವುದು, ಆಮೇಲೆ ಹತ್ತು. ಎಷ್ಟೋ ಸಲ ಆ ಒತ್ತಡ ತಾನಾಗಿಯೇ ಇಳಿಯುತ್ತಿತ್ತು. ದೂರದ ಪ್ರಯಾಣಕ್ಕೆ ಬಾಗಿಲ ಪಕ್ಕದ ಸೀಟು ಈಗಲೂ ಬೇಕು. ಇರಲಿ ಬಿಡಿ.

ಉಸಿರಾಟದ ಅಭ್ಯಾಸವೂ ಸಹಾಯ ಮಾಡುತ್ತದೆ. ಎದೆ ಅಲ್ಲ, ಹೊಟ್ಟೆ ಏಳಬೇಕು. ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ನೋವು ಶುರುವಾದ ಮೇಲೆ ಕಲಿಯಲು ಆಗಲ್ಲ, ಹೊಟ್ಟೆ ತೆಪ್ಪಗಿದ್ದಾಗಲೇ ರೂಢಿ ಮಾಡಿಕೊಳ್ಳಿ.

ತಣ್ಣಗಿರು:
ಮೇಲಿನವರು ಬಿಟ್ಟ ಒಂದು ಮಾತು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ರಕ್ತಹೀನತೆ, ಇವು ಕಂಡರೆ ಟೆನ್ಷನ್ನಿಂದಲೇ ಅಂದುಕೊಂಡು ಸುಮ್ಮನಿರಬೇಡಿ. ಮತ್ತೆ ತೋರಿಸಿ.

ಡಾಕ್ಟರು ಕಡಿಮೆ ಡೋಸಿನ ಅಮಿಟ್ರಿಪ್ಟಿಲಿನ್ (ಡಿಪ್ರೆಷನ್ನಿಗೆ ಕೊಡುವ ಒಂದು ಮಾತ್ರೆ) ಬರೆದರೆ ‘ನನಗೆ ಡಿಪ್ರೆಷನ್ ಇಲ್ಲವಲ್ಲ’ ಅಂತ ಸಿಟ್ಟಾಗಬೇಡಿ. ಕರುಳಿನ ನೋವಿಗೂ ಅದನ್ನು ಕೊಡುತ್ತಾರೆ. ನೀವಾಗಿಯೇ ತಗೊಳ್ಳಬೇಡಿ, ಅಷ್ಟೇ.

ಗಡಿಬಿಡಿ ಹೊಟ್ಟೆ:
ನೀವು ಹೇಳಿದ ಲಕ್ಷಣ ಯಾವುದೂ ಇಲ್ಲ. ಆದರೆ ಸಿಬಿಟಿಗೆ ವಾರ ವಾರ ಹೋಗಲು ನನಗೆ ರಜೆ ಸಿಗಲ್ಲ.

ಬಾಗಿಲ ಪಕ್ಕದ ಸೀಟು:
ಹೋಗಲೇಬೇಕು ಅಂತಿಲ್ಲ. ಫೋನ್ ಮತ್ತು ವೆಬ್‌ಸೈಟ್ ಮೂಲಕ ಕೊಟ್ಟ ಸಿಬಿಟಿಯಿಂದಲೂ ಐಬಿಎಸ್ ಲಕ್ಷಣ ಕಡಿಮೆಯಾಗಿದ್ದನ್ನು ಬ್ರಿಟನ್ನಿನ ಒಂದು ಅಧ್ಯಯನ 2019ರಲ್ಲಿ ತೋರಿಸಿತು. ಐಬಿಎಸ್ ನೋಡಿ ಗೊತ್ತಿರುವ ಥೆರಪಿಸ್ಟ್ ಆಗಿದ್ದರೆ ಒಳ್ಳೆಯದು. ಅಷ್ಟರಲ್ಲಿ ಆ ಪಟ್ಟಿ ಬರೆಯಲು ಶುರು ಮಾಡಿ, ಅದಕ್ಕೆ ರಜೆ ಬೇಡ.