ಸಹಾಯ ಬೇಕು: ಮೀನ ರಾಶಿಯಲ್ಲಿರುವ ಗುರು-ರಾಹು ಯುತಿ (ಕೂಡುವಿಕೆ)

ಜ್ಯೋತಿಷ ಬಲ್ಲ ಹಿರಿಯರು ದಯವಿಟ್ಟು ಮಾರ್ಗದರ್ಶನ ಮಾಡಬೇಕು. ನನ್ನ ತಮ್ಮನದು ಕಟಕ ಲಗ್ನ (ಹುಟ್ಟಿದ ಹೊತ್ತಿಗೆ ಉದಯಿಸುತ್ತಿದ್ದ ರಾಶಿ, ಅಂದರೆ ಜಾತಕದ ಮೊದಲ ಮನೆ). ಒಂಬತ್ತನೆಯ ಮನೆಯಾದ ಮೀನದಲ್ಲಿ ಗುರು 4 ಡಿಗ್ರಿ, ಉತ್ತರಾಭಾದ್ರ ನಕ್ಷತ್ರ. ರಾಹು 19 ಡಿಗ್ರಿ, ರೇವತಿ ನಕ್ಷತ್ರ. ಜಾತಕ ನೋಡಿದವರೊಬ್ಬರು ಗುರು ಚಂಡಾಲ ಯೋಗವೆಂದು (ಗುರು-ರಾಹು ಸೇರಿದಾಗ ಆಗುವುದೆನ್ನುವ ಅಶುಭ ಯೋಗ) ಹೇಳಿ ಶಾಂತಿ ಮಾಡಿಸಲು ಒತ್ತಾಯಿಸುತ್ತಿದ್ದಾರೆ. ಅಮ್ಮ ತುಂಬಾ ಹೆದರಿದ್ದಾರೆ.

ಆದರೆ ಗುರು ಸ್ವಕ್ಷೇತ್ರದಲ್ಲಿ (ತನ್ನದೇ ರಾಶಿಯಲ್ಲಿ) ಇದ್ದಾನೆ, ಭಾಗ್ಯಾಧಿಪತಿಯೂ (ಒಂಬತ್ತನೆಯ ಮನೆಯ ಒಡೆಯ) ಹೌದು, ಐದನೆಯ ದೃಷ್ಟಿಯಿಂದ ಲಗ್ನವನ್ನೂ ನೋಡುತ್ತಾನೆ. ಇಷ್ಟು ಬಲವಿರುವಾಗ ಬರೀ ಹೆಸರು ಕೇಳಿ ಯೋಗವನ್ನು ಕೆಟ್ಟದ್ದೆನ್ನುವುದು ನನಗೆ ಒಪ್ಪಿಗೆಯಾಗುತ್ತಿಲ್ಲ. ಇಬ್ಬರೂ ಒಂದೇ ರಾಶಿಯಲ್ಲಿದ್ದರೆ ಸಾಕೇ, ಅಥವಾ 15 ಡಿಗ್ರಿ ಅಂತರದಿಂದ ಯುತಿ ದುರ್ಬಲವಾಗುತ್ತದೆಯೇ? ನವಾಂಶದಲ್ಲಂತೂ (ಪ್ರತಿ ರಾಶಿಯನ್ನು ಒಂಬತ್ತು ಭಾಗ ಮಾಡಿ ನೋಡುವ ಕುಂಡಲಿ) ಗುರು ಸಿಂಹದಲ್ಲಿ, ರಾಹು ಧನುಸ್ಸಿನಲ್ಲಿ ಇದ್ದಾರೆ. ಗುರು ರೋಗ, ಸಾಲ, ಶತ್ರುಗಳನ್ನು ಸೂಚಿಸುವ ಆರನೆಯ ಮನೆಗೂ ಅಧಿಪತಿಯಾದ್ದರಿಂದ, ಮುಂಬರುವ ರಾಹು ದಶೆಯಲ್ಲಿ (ರಾಹುವಿನ ಪ್ರಭಾವದ ಅವಧಿ) ಯಾವ ಫಲ ಮೇಲುಗೈ ಸಾಧಿಸುತ್ತದೆ? ಕಾರಣ ಸಹಿತ ತಿಳಿಸಿದರೆ ಅಮ್ಮನಿಗೂ ವಿವರಿಸಿ ಧೈರ್ಯ ಹೇಳುತ್ತೇನೆ.